ಹಲಗಲಿಯ ಬೇಡರೂ ಆಯುಧ ಶಾಸನವೂ

೧

ಜನರ ಗುಂಪಿನ ಮೇಲೆ ಗುಂಡು ಹಾರಿ ಬಹು ಮಂದಿ ಒಮ್ಮೆಗೇ ಮಡಿದ ದುರಂತಗಳು ಈಚಿನ ಕಾಲದಲ್ಲಿ ಹಲವು ದೇಶಗಳ ಆಯುಧ ಶಾಸನಗಳನ್ನು ತಿದ್ದಿರುವುದು ಸರ್ವವಿದಿತವಾದ ಸಂಗತಿ. ೧೯೯೬ನೆಯ ಮಾರ್ಚಿಯಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಊರಿನ ಶಾಲೆಯಲ್ಲಿ ೧೬ ಮಕ್ಕಳೂ ಒಬ್ಬ ಉಪಾಧ್ಯಾಯಿನಿಯೂ ಹತರಾಗಲು, ಮರುವರ್ಷವೇ ಬ್ರಿಟಿಷ್ ಪಾರ್ಲಿಮೆಂಟು ಕೈಪಿಸ್ತೂಲುಗಳನ್ನು ನಿಷೇಧಿಸಿತು. ಅದೇ ೧೯೯೬ನೆಯ ಏಪ್ರಿಲಿನಲ್ಲಿ ಆಸ್ಟ್ರೇಲಿಯದ ಪೋರ್ಟ್ ಆರ್ಥರಿನಲ್ಲಿ ೩೫ ಮಂದಿ ಮಡಿಯಲು, ಅಲ್ಲಿನ ಸರಕಾರದವರು ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಜನರಿಂದ ಬೆಲೆಕೊಟ್ಟು ಹಿಂದಕ್ಕೆ ಪಡೆದರು. ೨೦೧೯ರಲ್ಲಿ ನ್ಯೂಜೀಲೆಂಡಿನ ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ ೫೧ ಮಂದಿ ಪ್ರಾಣ ಬಿಟ್ಟ ತರುವಾಯ ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ದೇಶದ ಶಾಸನವೂ ಬದಲಾಯಿತು. ಈ ಮೂರು ಕಡೆಗಳಲ್ಲಿಯೂ ಕ್ರಮ ಒಂದೇ: ಮೊದಲು ಹತ್ಯೆ, ಬಳಿಕ ಶಾಸನ. ಹತ್ಯೆಯೆಂಬುದು ಕಾರಣ, ಶಾಸನವೆಂಬುದು ಕಾರ್ಯ.

ಕನ್ನಡ ನಾಡಿನ ಇತಿಹಾಸದಲ್ಲಿ ಇದಕ್ಕೆ ಸಮೀಪವಾದ ಪ್ರಸಂಗವನ್ನು ಅರಸಿದರೆ ಕ್ರಮವು ತಲೆಕೆಳಗಾಗಿ ಕಾಣುತ್ತದೆ. ಇಲ್ಲಿ ಮೊದಲು ಬಂದುದು ಶಾಸನ. ಅದರ ಬೆನ್ನಿಗೆ ಬಂದುದು ಹತ್ಯೆ. ೧೮೫೭ನೆಯ ನವೆಂಬರ್ ಡಿಸೆಂಬರುಗಳಲ್ಲಿ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿ ಎಂಬ ಸಣ್ಣ ಹಳ್ಳಿಯ ಬೇಡರು, ಕೈಯಲ್ಲಿದ್ದ ಆಯುಧವನ್ನು ಒಪ್ಪಿಸೆವೆಂದ ಒಂದೇ ಕಾರಣಕ್ಕೆ ಗುಂಡಿಗೂ ಬೆಂಕಿಗೂ ನೇಣಿಗೂ ಈಡಾದರು. ಈ ಘಟನೆಯನ್ನು ಸಾಮಾನ್ಯವಾಗಿ ೧೮೫೭ರ ಮಹಾ ದಂಗೆಯ ಒಂದು ಕಿರಿಯ ಅಧ್ಯಾಯವೆಂದು ಹೇಳಿ ಮುಗಿಸುವ ರೂಢಿಯಿದೆ. ಆದರೆ ಇದನ್ನು ಆಯುಧ ಶಾಸನದ ಚರಿತ್ರೆಯಲ್ಲಿಟ್ಟು ನೋಡಿದಾಗ ಇದರ ಅರ್ಥ ಬೇರೆಯಾಗುತ್ತದೆ. ಇಂದಿಗೂ ಬಿಡದ ಒಂದು ಪ್ರಶ್ನೆ ಇದರಿಂದ ಏಳುತ್ತದೆ. ಪ್ರಜೆಯ ಕೈಯಿಂದ ಆಯುಧವನ್ನು ತೆಗೆಯುವ ಶಾಸನವು ಯಾರ ಕ್ಷೇಮಕ್ಕಾಗಿ ಹುಟ್ಟಿತು ಎಂಬುದೇ ಆ ಪ್ರಶ್ನೆ. ಅದರ ವಿಚಾರವೇ ಈ ಲೇಖನದ ಪ್ರಯೋಜನ.

೨

ಆಯುಧದ ಮೇಲೆ ರಾಜನ ಹಿಡಿತವೆಂಬುದು ಆಂಗ್ಲರೊಡನೆ ಬಂದ ಹೊಸ ಭಾವನೆಯೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರಕ್ಕೆ ಒಬ್ಬ ಅಧ್ಯಕ್ಷನನ್ನು ಹೇಳಿದೆ. ರಾಜಮುದ್ರೆಯ ಅನುಜ್ಞೆ ಪಡೆದವರ ಹೊರತು ಉಳಿದ ಭಟರು ಆಯುಧವನ್ನು ಆಗಾರದಲ್ಲಿಟ್ಟು ನಿಶ್ಶಸ್ತ್ರರಾಗಿಯೇ ಸಂಚರಿಸಬೇಕೆಂಬ ವಿಧಿಯೂ ಅಲ್ಲಿದೆ. ಇಂದಿನ ಲೈಸೆನ್ಸು ಎಂಬ ಪದ್ಧತಿಯ ಬೀಜವನ್ನು ಇದರಲ್ಲಿ ಕಾಣಬಹುದು. ಆದರೆ ಈ ವಿಧಿಯು ರಾಜನ ವೇತನವನ್ನು ತಿನ್ನುವ ಸೈನ್ಯದ ವಿಷಯವಾಗಿ ಹೇಳಿದುದೇ ಹೊರತು ಹಳ್ಳಿಯ ಒಕ್ಕಲಿನ ಮಾತಲ್ಲವೆಂಬುದನ್ನು ಮರೆಯಕೂಡದು. ಮನುಸ್ಮೃತಿಯಾದರೋ ಧರ್ಮಕ್ಕೆ ಅಡ್ಡಿ ಬಂದ ಕಾಲದಲ್ಲಿ ದ್ವಿಜರೂ ಶಸ್ತ್ರವನ್ನು ಹಿಡಿಯಬಹುದೆಂದು ವಿಧಿಸುತ್ತದೆ. ಹೀಗೆ ಶಾಸ್ತ್ರದಲ್ಲಿ ಎರಡು ಎಳೆಗಳಿವೆ: ಭಟನ ಆಯುಧ ರಾಜನದು, ಆಪತ್ತಿನಲ್ಲಿ ಹಿಡಿದ ಆಯುಧ ಧರ್ಮದ್ದು.

ಕನ್ನಡ ನಾಡಿನ ಆಚಾರವು ಈ ಎರಡನೆಯ ಎಳೆಗೇ ಹೆಚ್ಚಾಗಿ ಒಲಿದಿತ್ತೆಂಬುದಕ್ಕೆ ಊರೂರಿನ ವೀರಗಲ್ಲುಗಳು ಸಾಕ್ಷಿ. ತುರುಗಳನ್ನು ಕಳ್ಳರು ಅಟ್ಟಿಕೊಂಡು ಹೋಗುವಾಗ ಬೆನ್ನಟ್ಟಿ ಮಡಿದವನು, ಊರ ಅಳಿವನ್ನು ತಡೆಯುತ್ತ ಮಡಿದವನು, ಹೆಣ್ಣಿನ ಮಾನ ಕಾಯಲು ಹೋಗಿ ಮಡಿದವನು, ಇವರೆಲ್ಲರೂ ದಂಡಿನ ಆಳುಗಳೇ ಆಗಿರಲಿಲ್ಲ. ಎಷ್ಟೋ ಮಂದಿ ಊರಿನ ಒಕ್ಕಲುಗಳು. ಅವರ ಕೈಯ ಬಿಲ್ಲು ಕತ್ತಿಗಳಿಗೆ ಯಾರ ಮುದ್ರೆಯೂ ಇರಲಿಲ್ಲ. ಮಹಾನವಮಿಯಲ್ಲಿ ಆಯುಧಪೂಜೆ ಅರಮನೆಯಲ್ಲಿ ನಡೆಯುವಂತೆ ಗುಡಿಸಿಲಿನಲ್ಲಿಯೂ ನಡೆಯುವುದು. ಅಲ್ಲಿ ಕತ್ತಿಯ ಪಕ್ಕದಲ್ಲಿ ಕುಡುಗೋಲು ನೇಗಿಲುಗಳೂ ಪೂಜೆಗೊಳ್ಳುವುವು. ಆಯುಧವೂ ಉಪಕರಣವೂ ಒಂದೇ ಮಣೆಯ ಮೇಲೆ ಕುಳಿತಿರುವ ಈ ಆಚಾರವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಹಲಗಲಿಯ ಬೇಡರ ಹಟವು ಕೇವಲ ಹಟವಾಗಿ ತೋರದು. ಬೇಟೆಯಿಂದ ಹೆಸರನ್ನು ಪಡೆದ, ಅರಸರ ದಂಡಿನಲ್ಲಿಯೂ ಕೋಟೆಕೊತ್ತಲಗಳ ಕಾವಲಿನಲ್ಲಿಯೂ ತಲೆಮಾರುಗಳನ್ನು ಕಳೆದ ಬೇಡರಿಗೆ ಆಯುಧವು ಅನ್ನವೂ ಆಗಿದ್ದಿತು, ಮಾನವೂ ಆಗಿದ್ದಿತು.

೩

೧೮೫೭ರಲ್ಲಿ ಮೈಸೂರು ಸೀಮೆ ಬಹುಮಟ್ಟಿಗೆ ಶಾಂತವಾಗಿದ್ದು, ಕೃಷ್ಣೆ ಮಲಪ್ರಭೆಗಳ ಸೀಮೆ ಕುದಿಯಿತಷ್ಟೆ. ಈ ಭೇದಕ್ಕೆ ಒಂದು ಕಾರಣವನ್ನು ಆಯುಧದ ಚರಿತ್ರೆಯಲ್ಲಿಯೇ ಹುಡುಕಬಹುದು. ಮೈಸೂರಿನ ಪಾಳೆಯಗಾರರ ಹಳೆಯ ನೆಲೆಗಳಾದ ಮಾಗಡಿ, ಚನ್ನಪಟ್ಟಣ, ರಾಮನಗರ, ಕನಕಪುರಗಳ ಸೀಮೆಯನ್ನು ತೆಗೆದುಕೊಳ್ಳಿ. ಮಾಗಡಿಯ ಕೆಂಪೇಗೌಡರ ಮನೆತನವು ೧೭೨೮ರಲ್ಲಿಯೇ ಮೈಸೂರು ದಳವಾಯಿಗಳ ಕೈಗೆ ಸಿಕ್ಕಿ ಅಧಿಕಾರವನ್ನು ಕಳೆದುಕೊಂಡಿತು. ಅವರ ಕಾಡುಕೋಟೆಯಾದ ಸಾವನದುರ್ಗವೂ ರಾಮನಗರದ ಬಳಿಯ ರಾಮಗಿರಿಯೂ ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ದಂಡಿಗೆ ವಶವಾದುವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರನ್ನು ರಾಮನಗರಕ್ಕೆ ಇಟ್ಟು ಅದನ್ನು ಕ್ಲೋಸ್‌ಪೇಟೆಯೆಂದು ಕರೆದರು. ಹೀಗೆ ಈ ಸೀಮೆಯ ಕೋಟೆಗಳೂ ಪಾಳೆಯಗಳೂ ಮಹಾ ದಂಗೆಗೆ ಅರ್ಧ ಶತಮಾನ ಮುಂಚೆಯೇ ಯುದ್ಧದಿಂದ ಬರಿದಾಗಿದ್ದುವು.

ಇದಕ್ಕೂ ಮಿಗಿಲಾದುದು ದಿವಾನ್ ಪೂರ್ಣಯ್ಯನವರು ಕೈಕೊಂಡ ಉಪಾಯ. ಕೆಲಸವಿಲ್ಲದೆ ಉಳಿದ ಆಯುಧಪಾಣಿಗಳನ್ನು ಕಂದಾಚಾರದ ಆಳುಗಳಾಗಿ ನೇಮಿಸಿ, ಸಂಬಳವನ್ನೂ ತಮ್ಮ ತಮ್ಮ ಊರಿನಲ್ಲಿಯೇ ಉಳುಮೆಗೆ ಅವಕಾಶವನ್ನೂ ಕೊಟ್ಟು, ಅವರಿಂದ ಊರಕಾವಲನ್ನೂ ತಾಲ್ಲೂಕಿನ ಕೆಲಸವನ್ನೂ ಮಾಡಿಸಿದರು. ಆಯುಧವನ್ನು ಕಿತ್ತುಕೊಳ್ಳುವ ಬದಲು ಅದನ್ನು ಹಿಡಿದ ಕೈಗೆ ಕೆಲಸವನ್ನು ಕೊಟ್ಟುದರಿಂದ ಮೈಸೂರಿನ ಆಯುಧವು ಮೆಲ್ಲಮೆಲ್ಲನೆ ಮೊಂಡಾಯಿತು. ಇದರಿಂದ ಮೈಸೂರಿನ ಪ್ರಜೆಗಳು ದಂಗೆಯನ್ನೇ ಅರಿಯರೆಂದು ತಿಳಿಯತಕ್ಕದ್ದಲ್ಲ. ೧೮೩೦-೩೧ರ ನಗರದ ದಂಗೆಯ ಪರಿಣಾಮವಾಗಿಯೇ ರಾಜ್ಯವು ಐವತ್ತು ವರ್ಷ ಆಂಗ್ಲ ಕಮಿಷನರುಗಳ ಕೈಯಲ್ಲಿದ್ದಿತು. ಆದರೂ ಆಯುಧವನ್ನು ಒಂದೇ ದಿನದಲ್ಲಿ, ಒಂದೇ ಹುಕುಮಿನಿಂದ ಕಿತ್ತುಕೊಳ್ಳುವ ಪ್ರಸಂಗ ಮಾಗಡಿ ಚನ್ನಪಟ್ಟಣಗಳಿಗೆ ಒದಗಲಿಲ್ಲ. ಅದು ಒದಗಿದ್ದು ಹಲಗಲಿಗೆ.

೪

೧೮೫೭ರ ಮೇ ತಿಂಗಳಲ್ಲಿ ಮೀರತ್ತಿನಲ್ಲಿ ಆರಂಭವಾದ ಸಿಪಾಯಿಗಳ ದಂಗೆ ದೆಹಲಿ, ಕಾನ್ಪುರ, ಲಕ್ನೋಗಳನ್ನು ವ್ಯಾಪಿಸಿರಲು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಶಾಸನಸಭೆಯು ೨೮ನೆಯ ಆಕ್ಟನ್ನು ಅಂಗೀಕರಿಸಿತು. ಆಯುಧ ಮದ್ದುಗುಂಡುಗಳ ಆಮದು, ತಯಾರಿಕೆ, ಮಾರಾಟಗಳನ್ನೂ ಅವುಗಳನ್ನು ಇಟ್ಟುಕೊಳ್ಳುವ, ಉಪಯೋಗಿಸುವ ಹಕ್ಕನ್ನೂ ಕಟ್ಟುಪಾಡಿಗೆ ಒಳಪಡಿಸುವುದೇ ಅದರ ಉದ್ದೇಶ. ಜನರು ಇದನ್ನು ನಿಶ್ಶಸ್ತ್ರೀಕರಣದ ಕಾಯಿದೆಯೆಂದೇ ಕರೆದರು. ಮೂಲದಲ್ಲಿ ಇದು ತಾತ್ಕಾಲಿಕವಾದ ಶಾಸನ. ಆಪತ್ಕಾಲಕ್ಕೆಂದು ಮಾಡಿದ ವಿಧಿ. ಯಾವ ಕೊಲೆಗಡುಕನ ಕೃತ್ಯವೂ ಇದಕ್ಕೆ ಕಾರಣವಾಗಿರಲಿಲ್ಲ; ಪ್ರಜೆಗಳು ಪರಸ್ಪರ ಕೊಂದಾರೆಂಬ ಭಯವೂ ಅಲ್ಲ. ಪ್ರಜೆಯು ಪ್ರಭುವಿನ ಮೇಲೆ ಆಯುಧವೆತ್ತಿಯಾನೆಂಬ ಭಯವೇ ಇದರ ತಾಯಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮುಧೋಳವು ಘೋರ್ಪಡೆ ಮನೆತನದವರು ಆಳುತ್ತಿದ್ದ ದೇಶೀಯ ಸಂಸ್ಥಾನ. ಕಂಪೆನಿಯ ಆಳ್ವಿಕೆಯ ಪ್ರಾಂತಗಳಿಗಾಗಿ ಕಲ್ಕತ್ತೆಯಲ್ಲಿ ಮಾಡಿದ ಶಾಸನವು ಸಂಸ್ಥಾನದ ಪ್ರಜೆಗೆ ನೇರವಾಗಿ ತಗಲತಕ್ಕದ್ದಲ್ಲ. ಆದರೆ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಗಳೆಲ್ಲವೂ ಪೊಲಿಟಿಕಲ್ ಏಜೆಂಟನ ಕಣ್ಣಳತೆಯಲ್ಲಿದ್ದುವು. ಆ ಪದವಿಯಲ್ಲಿ ಆಗ ಸೀಟನ್ ಕಾರ್ ಎಂಬುವನಿದ್ದನು. ಕಂಪೆನಿಯ ಇಚ್ಛೆ ಸಂಸ್ಥಾನಿಕರ ಬಾಯಿಂದ ಹುಕುಮಾಗಿ ಹೊರಟಿತು. ಹೀಗೆ ಹಲಗಲಿಯ ಬೇಡನಿಗೆ ಬಂದ ಆಜ್ಞೆಯ ಮೂಲವೊಂದು ಕಡೆ, ಅದನ್ನು ಸಾರಿದ ನಾಲಗೆ ಇನ್ನೊಂದು ಕಡೆ. ತನ್ನ ಅರಸನೇ ತನ್ನನ್ನು ಬರಿಗೈ ಮಾಡುವನೆ ಎಂಬ ಶಂಕೆಯು ಅವನಲ್ಲಿ ಮೂಡಿದುದು ಆಶ್ಚರ್ಯವಲ್ಲ.

೫

ಘಟನೆಯ ಹಂದರ ಹೀಗಿದೆ. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯು ೧೮೫೭ರ ನವೆಂಬರಿನಲ್ಲಿ ಮುಧೋಳ ಸೀಮೆಯಲ್ಲಿ ಪ್ರಕಟವಾಯಿತು. ಹಲಗಲಿಯ ಬೇಡರು ಒಪ್ಪದೆ ಒಟ್ಟುಗೂಡಿದರು. ಸುತ್ತಣ ಊರುಗಳವರೂ ಬಂದು ಸೇರಿದರು. ತಿಳಿಯಹೇಳಲು ಬಂದ ಅಧಿಕಾರಿಗಳ ಮಾತು ನಡೆಯಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ಕರ್ನಲ್ ಮಾಲ್ಕಮನ ಕುದುರೆಯ ದಂಡು ಹಲಗಲಿಯನ್ನು ಮುತ್ತಿತು. ಬೇಡರು ಮನೆಗಳ ಮರೆಯಿಂದ ಕಾದಿದರು. ದಂಡಿನವರು ಊರಿಗೆ ಬೆಂಕಿಯಿಟ್ಟರು. ಗುಂಡಿನಿಂದಲೂ ಉರಿಯಿಂದಲೂ ಅನೇಕರು ಸತ್ತರು. ೨೯೦ ಮಂದಿ ಸೆರೆಸಿಕ್ಕರು. ವಿಚಾರಣೆಯ ತರುವಾಯ ೧೯ ಮಂದಿಗೆ ಮರಣದಂಡನೆಯಾಯಿತು. ಡಿಸೆಂಬರ್ ೧೧ರಂದು ಮುಧೋಳದಲ್ಲಿ ೧೩ ಮಂದಿಯನ್ನೂ ೧೪ರಂದು ಹಲಗಲಿಯಲ್ಲಿಯೇ ಉಳಿದ ೬ ಮಂದಿಯನ್ನೂ ಗಲ್ಲಿಗೇರಿಸಿದರು.

ಕಾಯಿದೆ ಹುಟ್ಟಿದುದು ಸೆಪ್ಟೆಂಬರಿನಲ್ಲಿ. ನೇಣುಗಂಬ ನಿಂತುದು ಡಿಸೆಂಬರಿನಲ್ಲಿ. ಇವೆರಡರ ನಡುವಣ ಅಂತರ ಮೂರೇ ತಿಂಗಳು. ಕಲ್ಕತ್ತೆಯಲ್ಲಿ ಆಂಗ್ಲ ಭಾಷೆಯಲ್ಲಿ ಬರೆದ ಒಂದು ವಿಧಿಯು ಮುಧೋಳ ಸೀಮೆಯ ಹಳ್ಳಿಗೆ ಹೋಗಿ, ಕನ್ನಡದಲ್ಲಿ ಅರ್ಥವಾಗಿ, ವಿವಾದಕ್ಕೊಳಗಾಗಿ, ಸಮಾಧಾನಕ್ಕೆ ಬರಲು ಈ ಕಾಲ ಸಾಕೆ ಎಂಬುದನ್ನು ವಿವೇಕಿಗಳು ಯೋಚಿಸಬೇಕು. ನೇಣಿನ ಸ್ಥಳಗಳ ಆಯ್ಕೆಯೂ ಅರ್ಥವಿಲ್ಲದ್ದಲ್ಲ. ಸಂಸ್ಥಾನದ ರಾಜಧಾನಿಯಲ್ಲಿ ಹೆಚ್ಚು ಮಂದಿಯನ್ನು, ಸುಟ್ಟ ಊರಿನಲ್ಲಿ ಉಳಿದವರನ್ನು ನೇಣಿಗೆ ಹಾಕಿದುದು ಅರಸನಿಗೂ ಒಕ್ಕಲಿಗೂ ಏಕಕಾಲದಲ್ಲಿ ಕಲಿಸಿದ ಪಾಠ. ದಂಡನೆಯು ಅಪರಾಧಕ್ಕೆ ತಕ್ಕಂತಿರಬೇಕೆಂದು, ತೀಕ್ಷ್ಣದಂಡನಾದ ರಾಜನು ಪ್ರಜೆಗಳಿಗೆ ಉದ್ವೇಗಕರನಾಗುವನೆಂದು ಕೌಟಿಲ್ಯನು ಹೇಳಿರುವುದು ಇಲ್ಲಿ ನೆನಪಿಗೆ ಬಾರದಿರದು.

೬

ಈ ಘಟನೆಯ ಮತ್ತೊಂದು ಸಾಕ್ಷಿ ಕನ್ನಡದ ಲಾವಣಿ. ಹಲಗಲಿಯ ಬೇಡರ ಲಾವಣಿಯನ್ನು ಶಾಸನ ಸಂಶೋಧಕರಾದ ಜೆ. ಎಫ್. ಫ್ಲೀಟರು ಸಂಗ್ರಹಿಸಿ, ಸಂಗೊಳ್ಳಿ ರಾಯಣ್ಣನದೇ ಮೊದಲಾದ ಬೇರೆ ಲಾವಣಿಗಳೊಡನೆ, ೧೮೮೦ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಲಾರಂಭಿಸಿದ ಮಾಲೆಗೆ ಸೇರಿಸಿದರು. ಶಿಲೆ ತಾಮ್ರಗಳ ಮೇಲಿನ ಲಿಪಿಯನ್ನು ಓದುತ್ತಿದ್ದ ವಿದ್ವಾಂಸರೊಬ್ಬರು ಜನರ ನಾಲಗೆಯ ಮೇಲಿನ ಶಾಸನವನ್ನೂ ಓದಿದರೆಂಬುದು ಕನ್ನಡಿಗರು ಕೃತಜ್ಞತೆಯಿಂದ ನೆನೆಯತಕ್ಕ ಸಂಗತಿ. ಲಾವಣಿಕಾರನ ಹೆಸರು ಪದ್ಯದಲ್ಲಿಲ್ಲ. ಕುರ್ತಕೋಟಿಯ ಕಲ್ಮೇಶ ದೇವರ ಸ್ಮರಣೆ ಮಾತ್ರ ಅಂಕಿತವಾಗಿ ನಿಂತಿದೆ. ಈಚೆಗೆ ಈ ಲಾವಣಿ ಪ್ರೌಢಶಾಲೆಯ ಕನ್ನಡ ಪಾಠಪುಸ್ತಕದಲ್ಲಿಯೂ ಸ್ಥಾನ ಪಡೆಯಿತು. ಆದಕಾರಣ ಸಾಹಿತ್ಯದ ಉಪಾಧ್ಯಾಯರಿಗೆ ಇದರ ಐತಿಹಾಸಿಕ ಬೆಲೆಯ ವಿಚಾರ ಅನಾವಶ್ಯಕವಾಗದು.

ಲಾವಣಿಯು ಮೂರು ವಿಷಯಗಳಲ್ಲಿ ಸರಕಾರದ ಲೆಕ್ಕಕ್ಕಿಂತ ಭಿನ್ನವಾಗಿ ನುಡಿಯುತ್ತದೆ. ಮೊದಲನೆಯದು ಹುಕುಮಿನ ಮೂಲ. ಅದು ವಿಲಾಯತಿಯಿಂದಲೇ ಬಂತೆಂದು ಲಾವಣಿಕಾರನ ನಂಬಿಕೆ. ವಾಸ್ತವವಾಗಿ ಶಾಸನ ಹೊರಟುದು ಕಲ್ಕತ್ತೆಯಿಂದ. ಇದನ್ನು ತಪ್ಪೆಂದು ತಳ್ಳಿಬಿಡಬಹುದು. ಆದರೆ ಆಳುವ ಬಾಯಿ ಕಡಲಾಚೆಯದೆಂಬ ಅರಿವು ಆ ತಪ್ಪಿನಲ್ಲಿ ಅಡಗಿದೆ. ಸ್ಥೂಲದಲ್ಲಿ ತಪ್ಪಿದವನು ಸಾರದಲ್ಲಿ ತಪ್ಪಲಿಲ್ಲ.

ಎರಡನೆಯದು ವೀರರ ಹೆಸರು. ಸರಕಾರದ ಲೆಕ್ಕದಲ್ಲಿ ಹಲಗಲಿಯವರು ಸಂಖ್ಯೆಯಾಗಿ ಬರುತ್ತಾರೆ: ಸೆರೆಸಿಕ್ಕವರು ಇಷ್ಟು, ನೇಣಿಗೇರಿದವರು ಇಷ್ಟು. ಲಾವಣಿಯಲ್ಲಿ ಅವರು ಪೂಜಾರಿ ಹನುಮ, ಬಾಲ, ಜಡಗ, ರಾಮ ಎಂದು ಹೆಸರುಗೊಂಡು ನಿಲ್ಲುತ್ತಾರೆ. ಕೂಡಿ ಆಲೋಚನೆ ಮಾಡುತ್ತಾರೆ. ಹತಾರವು ಕೈಬಿಟ್ಟ ಮೇಲೆ ಬಾಳು ಬಾಳಲ್ಲವೆಂದು ನಿಶ್ಚಯಿಸುತ್ತಾರೆ. ಹತಾರವೆಂಬ ಆ ಮಾತನ್ನು ಗಮನಿಸಬೇಕು. ಉತ್ತರ ಕರ್ಣಾಟಕದ ಆಡುಮಾತಿನಲ್ಲಿ ಅದು ಕತ್ತಿ ಬಂದೂಕುಗಳಿಗೂ ಸಲ್ಲುವುದು, ಕೆಲಸದ ಸಾಮಾನಿಗೂ ಸಲ್ಲುವುದು. ಆಯುಧಪೂಜೆಯ ಮಣೆಯ ಮೇಲೆ ಒಂದಾಗಿ ಕುಳಿತುದು ಭಾಷೆಯಲ್ಲಿಯೂ ಒಂದೇ ಪದವಾಗಿ ಕುಳಿತಿದೆ. ಹತಾರ ಕೊಡೆಂದು ಕೇಳಿದಾಗ ಬೇಡನ ಕಿವಿಗೆ ಕೇಳಿಸಿದುದು ಆಕ್ಟಿನ ಪರಿಭಾಷೆಗಿಂತ ದೊಡ್ಡ ಮಾತು.

ಮೂರನೆಯದು ಕೊಳ್ಳೆಯ ಪಟ್ಟಿ. ಊರನ್ನು ಹೊಕ್ಕ ದಂಡು ಏನೇನನ್ನು ಒಯ್ದಿತೆಂಬುದನ್ನು ಲಾವಣಿಕಾರನು ಎಣಿಸುತ್ತಾನೆ. ಅದರಲ್ಲಿ ಬೇಸಾಯದ ಕಬ್ಬಿಣವಿದೆ, ಅಡಿಗೆಮನೆಯ ಉಪ್ಪು, ಎಣ್ಣೆ, ಬೆಲ್ಲಗಳಿವೆ, ಹಾಲು ಬೆಣ್ಣೆಗಳಿವೆ, ಬೀಸುವ ಕಲ್ಲಿದೆ, ಹೆಂಗಸಿನ ಕೊರಳ ಮಂಗಳಸೂತ್ರವೂ ಇದೆ. ಬಂದುದು ಬಂದೂಕಿನ ಶೋಧಕ್ಕೆ, ಹೋದುದು ಬಾಳುವೆಯೇ. ಲಾವಣಿಯಲ್ಲಿ ಅತಿಶಯೋಕ್ತಿ ಇರಬಹುದೆಂಬ ಆಕ್ಷೇಪವನ್ನು ತಳ್ಳಲಾಗದು. ಆದರೆ ಅತಿಶಯೋಕ್ತಿಗೆ ಒಲಿದ ಕವಿಯು ಹೊನ್ನನ್ನೂ ಕುದುರೆಯನ್ನೂ ಎಣಿಸುವನೇ ಹೊರತು ಉಪ್ಪನ್ನು ಎಣಿಸನು. ಪಟ್ಟಿಯ ಬಡತನವೇ ಅದರ ಸತ್ಯಕ್ಕೆ ಆಧಾರ. ಹಲಗಲಿಯಲ್ಲಿ ನಿಶ್ಶಸ್ತ್ರರಾದವರು ಸಾಮಂತರಲ್ಲ, ದೇಸಾಯಿಗಳಲ್ಲ. ಉಪ್ಪು ಬೆಲ್ಲಗಳೇ ಸಂಪತ್ತಾಗಿದ್ದ ಬಡವರು.

ಹೀಗಿರಲು ಇದನ್ನು ದಂಗೆಯೆನ್ನುವುದು ಎಷ್ಟರ ಮಟ್ಟಿಗೆ ಸರಿ? ದಂಗೆಯೆಂದರೆ ಪ್ರಭುತ್ವವನ್ನು ಕಿತ್ತೊಗೆಯುವ ಸಂಕಲ್ಪ. ೧೮೫೮ರ ಫೆಬ್ರವರಿಯಲ್ಲಿ ಎದ್ದ ಸುರಪುರದ ವೆಂಕಟಪ್ಪ ನಾಯಕನೂ, ಅದೇ ವರ್ಷ ಮೇ ತಿಂಗಳಲ್ಲಿ ದತ್ತಕದ ಹಕ್ಕನ್ನು ಕಳೆದುಕೊಂಡ ರೋಷದಿಂದ ಎದ್ದು ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನನನ್ನು ಕೊಲ್ಲಿಸಿದ ನರಗುಂದದ ಬಾಬಾಸಾಹೇಬನೂ, ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದ ಮುಂಡರಗಿ ಭೀಮರಾಯನೂ ಅಂಥ ಸಂಕಲ್ಪವುಳ್ಳವರು. ಹಲಗಲಿಯವರು ಯಾವ ಕಚೇರಿಯ ಮೇಲೂ ದಂಡೆತ್ತಿ ಹೋದವರಲ್ಲ. ತಮ್ಮ ಊರಿನಲ್ಲಿ, ತಮ್ಮ ಮನೆಯ ಮರೆಯಲ್ಲಿ ನಿಂತು ಕಾದಿದರು. ಇದ್ದುದನ್ನು ಕೊಡೆವೆಂದವರು ಅವರು, ಇಲ್ಲದುದನ್ನು ಬೇಡಿದವರಲ್ಲ. ಅವರನ್ನು ಸ್ವಾತಂತ್ರ್ಯ ವೀರರೆಂದು ಕೊಂಡಾಡುವುದು ಯುಕ್ತವೇ. ಆದರೆ ಅವರು ಒಂದು ಶಾಸನದ ಆಹುತಿಗಳೆಂಬುದನ್ನು ಆ ಕೊಂಡಾಟದಲ್ಲಿ ಮರೆತರೆ ಚರಿತ್ರೆಗೆ ಅನ್ಯಾಯವಾಗುತ್ತದೆ.

೭

ಇಷ್ಟು ನೆತ್ತರು ಹರಿದ ಮೇಲೆ ಶಾಸನವೇನಾಯಿತು? ಅದು ಸಡಿಲವಾಗಲಿಲ್ಲ, ಬಿಗಿಯಾಯಿತು. ೧೮೬೦ರಲ್ಲಿ ೩೧ನೆಯ ಆಕ್ಟು ಬಂದು, ಆಪತ್ಕಾಲದ ವಿಧಿಯನ್ನು ಶಾಂತಿಕಾಲಕ್ಕೂ ಮುಂದುವರಿಸಿತು. ೧೮೭೮ರಲ್ಲಿ ಲಾರ್ಡ್ ಲಿಟನ್ ವೈಸರಾಯನಾಗಿದ್ದಾಗ ೧೧ನೆಯ ಆಕ್ಟಿನಿಂದ ಇದು ಪೂರ್ಣರೂಪವನ್ನು ತಾಳಿತು. ಬಂದೂಕಿಗೆ ಮಾತ್ರವಲ್ಲದೆ ಕತ್ತಿ ಈಟಿಗಳಿಗೂ ಈ ಶಾಸನದ ಬಲೆ ಹಬ್ಬಿತ್ತು. ಅದೇ ವರ್ಷ, ಅದೇ ವೈಸರಾಯನು ದೇಶಭಾಷೆಗಳ ಪತ್ರಿಕೆಗಳ ಬಾಯಿಕಟ್ಟುವ ಕಾಯಿದೆಯನ್ನೂ ತಂದನು. ಪತ್ರಿಕೆಗಳ ಕಾಯಿದೆ ಕೆಲವೇ ವರ್ಷಗಳಲ್ಲಿ ರದ್ದಾಯಿತು. ಆಯುಧದ ಕಾಯಿದೆ ಎಂಬತ್ತು ವರ್ಷಗಳಿಗೂ ಮಿಕ್ಕಿ ಬಾಳಿತು. ಪ್ರಜೆಯ ನಾಲಗೆಗಿಂತ ಪ್ರಜೆಯ ಕೈಗೆ ಆಳುವವರು ಹೆಚ್ಚು ಅಂಜಿದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಬಲೆಗೆ ಒಂದು ಕಂಡಿಯಿದ್ದಿತು. ಅದೂ ಕನ್ನಡ ನಾಡಿನ ಮೂಲೆಯಲ್ಲಿಯೇ. ಮೈಸೂರು ಕೊಡಗುಗಳ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ ೧೮೬೧ರಲ್ಲಿ ಕೊಡವರ ರಾಜನಿಷ್ಠೆಯನ್ನು ಮೆಚ್ಚಿ ಅವರನ್ನು ನಿಶ್ಶಸ್ತ್ರೀಕರಣದ ಶಾಸನದಿಂದ ಬಿಡುಗಡೆಗೊಳಿಸಿದನು. ಕೈಲ್ ಮುಹೂರ್ತದಲ್ಲಿ ಬಂದೂಕನ್ನು ಪೂಜಿಸುವ, ಮಗು ಹುಟ್ಟಿದಾಗ ಗುಂಡು ಹಾರಿಸಿ ಊರಿಗೆ ಸಾರುವ ಆಚಾರ ಅವರಲ್ಲಿ ಉಳಿದುಬಂತು. ಹಲಗಲಿ ಕೊಡಗುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ಶಾಸನದ ಅಂತರಂಗ ಬಯಲಾಗುತ್ತದೆ. ಬೇಡನಿಗೂ ಆಯುಧ ಕುಲಾಚಾರ, ಕೊಡವನಿಗೂ ಕುಲಾಚಾರ. ಒಬ್ಬನಿಗೆ ನೇಣು, ಮತ್ತೊಬ್ಬನಿಗೆ ಮನ್ನಣೆ. ಭೇದವು ಆಯುಧದಲ್ಲಿರಲಿಲ್ಲ, ಅದನ್ನು ಹಿಡಿದವನ ಶೀಲದಲ್ಲಿಯೂ ಇರಲಿಲ್ಲ. ಆಳುವವರಿಗೆ ಅವನಲ್ಲಿದ್ದ ನಂಬಿಕೆಯಲ್ಲಿದ್ದಿತು. ಇದನ್ನು ಹೇಳುವುದು ಕೊಡವರ ಮೇಲೆ ಆಕ್ಷೇಪವಲ್ಲ; ಶಾಸನದ ತಕ್ಕಡಿಯ ಮೇಲೆ ಆಕ್ಷೇಪ.

೮

ಈ ಶಾಸನದ ಮೇಲಣ ಅಸಮಾಧಾನವು ರಾಷ್ಟ್ರೀಯ ಚಳುವಳಿಯಲ್ಲಿ ಬೇಗನೆ ಧ್ವನಿಗೊಂಡಿತು. ೧೮೮೭ರ ಮದರಾಸಿನ ಕಾಂಗ್ರೆಸ್ಸಿನಲ್ಲಿಯೇ ಅದನ್ನು ತಿದ್ದಬೇಕೆಂಬ ನಿರ್ಣಯವಾಯಿತು. ಅಹಿಂಸಾವ್ರತಿಗಳಾದ ಗಾಂಧಿಯವರೇ ೧೯೧೮ರಲ್ಲಿ, ಇಡೀ ರಾಷ್ಟ್ರವನ್ನು ನಿಶ್ಶಸ್ತ್ರಗೊಳಿಸಿದ ಈ ಶಾಸನವನ್ನು ಬ್ರಿಟಿಷ್ ಆಳ್ವಿಕೆಯ ಅತ್ಯಂತ ಕರಾಳ ಕೃತ್ಯವೆಂದು ಎಣಿಸಿದರು. ಇಲ್ಲಿ ವಿರೋಧವೇನೂ ಇಲ್ಲ. ಆಯುಧವಿದ್ದೂ ಎತ್ತದಿರುವುದು ಅಹಿಂಸೆ. ಆಯುಧವಿಲ್ಲದೆ ಸುಮ್ಮನಿರುವುದು ಅಸಹಾಯತೆ. ೧೯೩೧ರ ಕರಾಚಿಯ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವನ್ನು ಹೊಂದುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇರಬೇಕೆಂದು ಸೇರಿಸಿದರು.

ನಿಶ್ಶಸ್ತ್ರವಾದ ಜನ ಗುಂಡಿನೆದುರು ನಿಂತಾಗ ಏನಾಗುವುದೆಂಬುದಕ್ಕೆ ಮೈಸೂರಿನಲ್ಲಿಯೇ ಉದಾಹರಣೆ ದೊರೆಯಿತು. ೧೯೩೮ರ ಏಪ್ರಿಲಿನಲ್ಲಿ, ಚನ್ನಪಟ್ಟಣದಿಂದ ಮೈಸೂರಿನ ದಾರಿಯಲ್ಲಿ ಮುಂದಕ್ಕಿರುವ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ ಧ್ವಜಸತ್ಯಾಗ್ರಹ ನಡೆಯಿತು. ಆ ಬಳಿಕ ಏಪ್ರಿಲ್ ೨೫ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜವನ್ನೆತ್ತಲು ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿಯೆಂದು ಸರಕಾರದ ಲೆಕ್ಕ. ಮೂವತ್ತಕ್ಕೂ ಮೇಲೆಂದು ಜನರ ಲೆಕ್ಕ. ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕುಳಿತಿತು. ಮುಂದಿನ ತಿಂಗಳಲ್ಲಿಯೇ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ವಲ್ಲಭಭಾಯಿ ಪಟೇಲರಿಗೂ ಒಪ್ಪಂದವಾಗಿ ಧ್ವಜವನ್ನೆತ್ತುವುದಕ್ಕೆ ಸಮ್ಮತಿ ದೊರೆಯಿತು. ಹಲಗಲಿಯ ಹತ್ಯೆ ಶಾಸನವನ್ನು ಬಿಗಿಗೊಳಿಸಿತು. ವಿದುರಾಶ್ವತ್ಥದ ಹತ್ಯೆ ಕಟ್ಟಳೆಯನ್ನು ಸಡಿಲಿಸಿತು. ಎಂಬತ್ತು ವರ್ಷಗಳಲ್ಲಿ ಬದಲಾದುದು ಜನರ ಕೈಯ ಆಯುಧವಲ್ಲ. ಜನಮತಕ್ಕೆ ಬಂದ ಬಲ.

ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸುವಾಗ ಪ್ರಶ್ನೆ ಮತ್ತೆ ತಲೆಯೆತ್ತಿತು. ೧೯೪೮ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಕರಾಚಿಯ ನಿರ್ಣಯವನ್ನು ನೆನಪಿಗೆ ತಂದು, ಆಯುಧವನ್ನು ಹೊಂದುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿಯನ್ನು ಸೂಚಿಸಿದರು. ಅಂಬೇಡ್ಕರರು ಒಪ್ಪಲಿಲ್ಲ, ಅಂಥ ಹಕ್ಕನ್ನು ಎಲ್ಲರಿಗೂ ಕೊಟ್ಟರೆ ದುಷ್ಕರ್ಮಿಗಳೂ ಅದನ್ನು ಕೇಳುವರೆಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ಪ್ರಜೆಗಳು ಶಾಂತರಾಗಿ, ನಿಶ್ಶಸ್ತ್ರರಾಗಿ ಸಭೆ ಸೇರುವ ಹಕ್ಕು ಮಾತ್ರ ಹತ್ತೊಂಬತ್ತನೆಯ ವಿಧಿಯಲ್ಲಿ ನೆಲೆಗೊಂಡಿತು. ಇಲ್ಲಿ ಭಯದ ಸ್ವರೂಪ ಬದಲಾಗಿರುವುದನ್ನು ಗುರುತಿಸಬೇಕು. ೧೮೫೭ರ ಶಾಸನಕರ್ತರು ಅಂಜಿದುದು ಪ್ರಭುವಿನ ಪರವಾಗಿ. ೧೯೪೮ರವರು ಅಂಜಿದುದು ದುರ್ಬಲನಾದ ಪ್ರಜೆಯ ಪರವಾಗಿ.

೯

ಆ ಬದಲಾವಣೆಯ ಫಲವೇ ೧೯೫೯ರ ೫೪ನೆಯ ಆಕ್ಟು. ೧೯೬೨ರ ಅಕ್ಟೋಬರ್ ೧ರಂದು ಜಾರಿಗೆ ಬಂದು, ಇದು ಲಿಟನ್ನನ ಶಾಸನವನ್ನು ರದ್ದುಗೊಳಿಸಿತು. ಬಂದೂಕಿ‌ಗೆ ಲೈಸೆನ್ಸು ಕಡ್ಡಾಯವಾಗಿಯೇ ಉಳಿಯಿತು. ಆದರೆ ಕತ್ತಿ ಮೊದಲಾದುವಕ್ಕೆ, ಸರಕಾರದವರು ವಿಶೇಷವಾಗಿ ಗೊತ್ತುಮಾಡಿದ ಪ್ರದೇಶಗಳಲ್ಲಿ ಹೊರತು, ಲೈಸೆನ್ಸಿನ ಅಗತ್ಯ ತಪ್ಪಿತು. ಒಬ್ಬನು ಎಷ್ಟು ಬಂದೂಕುಗಳನ್ನು ಇಟ್ಟುಕೊಳ್ಳಬಹುದೆಂಬುದಕ್ಕೆ ೧೯೮೩ರ ತಿದ್ದುಪಡಿಯು ಮೂರೆಂದು ಮಿತಿಯನ್ನು ಹಾಕಿತು. ೨೦೧೯ರ ತಿದ್ದುಪಡಿಯು ಅದನ್ನು ಎರಡಕ್ಕೆ ಇಳಿಸಿ, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇದ್ದ ವಿನಾಯಿತಿಯು ೨೦೧೯ರ ಪ್ರಕಟನೆಯಿಂದ ೨೦೨೯ರ ವರೆಗೆ ಮುಂದುವರಿಯಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ಣಾಟಕದ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ತಳ್ಳಿಹಾಕಿತು. ಕಬ್ಬನ್ನನು ತೆರೆದ ಕಂಡಿ ಹೀಗೆ ನೂರೈವತ್ತು ವರ್ಷಗಳನ್ನು ದಾಟಿ ಬಂದಿದೆ.

ಇಷ್ಟರಿಂದ ಫಲಿಸುವ ಸಿದ್ಧಾಂತವೇನು? ಆಯುಧಕ್ಕೆ ಕಟ್ಟುಪಾಡೇ ಬೇಡವೆಂದು ಹಲಗಲಿ ಹೇಳುವುದಿಲ್ಲ. ಡನ್‌ಬ್ಲೇನಿನ ಮಕ್ಕಳನ್ನೂ ಪೋರ್ಟ್ ಆರ್ಥರಿನ ಮೃತರನ್ನೂ ನೆನೆದವರು ಹಾಗೆಂದು ವಾದಿಸಲಾರರು. ಒಬ್ಬ ಹುಚ್ಚನ ಕೈಗೆ ಸಿಕ್ಕ ಬಂದೂಕು ಒಂದು ಗಳಿಗೆಯಲ್ಲಿ ಮಾಡಬಲ್ಲ ಅನರ್ಥವನ್ನು ಬೇಡರ ಕಾಲದ ಬತ್ತಿಯ ಕೋವಿ ಮಾಡಲಾರದಾಗಿತ್ತು. ಕಟ್ಟುಪಾಡು ಬೇಕೇ ಬೇಕು. ಆದರೆ ಒಂದೇ ಅಕ್ಷರಗಳಲ್ಲಿ ಬರೆದ ಶಾಸನವು ಎರಡು ಬೇರೆ ಬೇರೆ ಮನಸ್ಸುಗಳಿಂದ ಹುಟ್ಟಬಹುದೆಂಬುದನ್ನು ಹಲಗಲಿ ತೋರಿಸಿಕೊಡುತ್ತದೆ. ಸತ್ತ ಪ್ರಜೆಗಾಗಿ ಮರುಗಿ ಮಾಡಿದ ಶಾಸನಕ್ಕೆ ಜನರು ತಾವಾಗಿಯೇ ಬಂದೂಕನ್ನು ತಂದೊಪ್ಪಿಸಿದರು. ಬದುಕಿರುವ ಪ್ರಜೆಗೆ ಅಂಜಿ ಮಾಡಿದ ಶಾಸನಕ್ಕೆ ಊರನ್ನೇ ಸುಡಬೇಕಾಯಿತು. ಮೊದಲನೆಯದಕ್ಕೆ ಆಧಾರ ಸಮ್ಮತಿ, ಎರಡನೆಯದಕ್ಕೆ ಆಧಾರ ದಂಡ.

ಮುಧೋಳದಲ್ಲಿ ೧೩, ಹಲಗಲಿಯಲ್ಲಿ ೬: ಇದು ಶಾಸನದ ಚರಿತ್ರೆ ಬರೆದಿಟ್ಟ ಲೆಕ್ಕ. ಪೂಜಾರಿ ಹನುಮ, ಬಾಲ, ಜಡಗ, ರಾಮ: ಇದು ಲಾವಣಿ ಉಳಿಸಿಕೊಟ್ಟ ಲೆಕ್ಕ. ಪಾಠಶಾಲೆಯಲ್ಲಿ ಆ ಲಾವಣಿಯನ್ನು ಹೇಳಿಕೊಡುವ ಉಪಾಧ್ಯಾಯರು ವೀರರಸದ ಜೊತೆಗೆ ಈ ಎರಡು ಲೆಕ್ಕಗಳನ್ನೂ ಕೂಡಿಸಿ ತೋರಿಸಿದರೆ, ಉಪ್ಪು ಬೆಲ್ಲಗಳ ಆ ಬಡ ಪಟ್ಟಿಯು ಶಬ್ದಾರ್ಥಕ್ಕೆ ಮೀರಿದ ಪಾಠವಾಗಿ ವಿದ್ಯಾರ್ಥಿಗಳ ಮನಸ್ಸಿನಲ್ಲಿ ನಿಲ್ಲುವುದು.